ಗುಂಡಿ ಒಳಗೇ ಇದೆಯಲ್ಲಣ್ಣ!

ಆರ್.ಟಿ. ನಗರದ ನಮ್ಮ ಅಡ್ಡರಸ್ತೆಗೆ ತಿಂಗಳಿಗೊಂದು ಸಲ ಪಾತ್ರೆಯವರು ಬರುತ್ತಾರೆ. ತಲೆಯ ಮೇಲಿನ ಬುಟ್ಟಿಯಲ್ಲಿ ಸ್ಟೀಲ್ ಡಬ್ಬ, ತಟ್ಟೆ, ಸೌಟು. ಹೆಗಲಿಗೆ ಹಳೇ ಬಟ್ಟೆಯ ಗಂಟು. "ಹಳೇ ಬಟ್ಟೇ... ಪಾತ್ರೇ..." ಎಂಬ ಕೂಗು ಮೂರನೇ ಮಹಡಿಗೂ ನೆಟ್ಟಗೆ ಏರಿ ಬರುತ್ತದೆ. ಕಳೆದ ಸಲ ಆರು ಅಂಗಿ ಹಿಡಿದುಕೊಂಡು ನಾನೇ ಇಳಿದೆ. ದೋಸೆ ಹಿಟ್ಟಿಗೆ ಸರಿಹೋಗುವ ಒಂದು ಡಬ್ಬದ ಮೇಲೆ ಮನೆಯವಳ ಕಣ್ಣಿತ್ತು. ಪಾತ್ರೆಯಾಕೆ ಒಂದೊಂದೇ ಅಂಗಿಯನ್ನು ಬೆಳಕಿಗೆ ಹಿಡಿದು, ಕಾಲರಿನ ಮಡಿಕೆ ಬಿಚ್ಚಿ, ಕಂಕುಳ ಕೆಳಗೆ ಎಳೆದು ನೋಡಿ ಐದನ್ನು ಗಂಟಿಗೆ ಸೇರಿಸಿದರು. ಆರನೆಯದನ್ನು ನನ್ನ ಕೈಗೇ ವಾಪಸ್ ಕೊಟ್ಟರು.

"ಇದಕ್ಕೇನಾಗಿದೆ ಅಣ್ಣ?"

"ಎದೆ ಹತ್ರ ಗುಂಡಿ ಹೋಗಿದೆ."

ಆಕೆ ಅಂಗಿಯನ್ನು ಒಳಹೊರಗು ಮಾಡಿ, ಪಕ್ಕದ ಹೊಲಿಗೆಗೆ ಸೇರಿಸಿದ ಬಿಳಿ ಪಟ್ಟಿಯನ್ನು ಹೆಬ್ಬೆರಳಲ್ಲಿ ಮೀಟಿದರು. ಹೇಗೆ ಒಗೆಯಬೇಕು ಎಂದು ಬರೆದಿರುವ ಆ ಪಟ್ಟಿಯ ಮೇಲೆ, ಅದೇ ಬಣ್ಣದ ಅದೇ ಅಳತೆಯ ಗುಂಡಿಯೊಂದು ನಾಲ್ಕು ವರ್ಷದಿಂದ ಸುಮ್ಮನೆ ಕೂತಿತ್ತು.

"ಗುಂಡಿ ಒಳಗೇ ಇದೆಯಲ್ಲಣ್ಣ! ಹಾಕ್ಕೊಳ್ಳೋಕೇನು?"

ಹಾಕಿಕೊಳ್ಳಲು ಬರುವುದಿಲ್ಲ ಎಂದು ನಡುರಸ್ತೆಯಲ್ಲಿ ಹೇಗೆ ಹೇಳುವುದು? ಡಬ್ಬ ತೆಗೆದುಕೊಂಡು ಮೇಲೆ ಬಂದೆ. ಅಂಗಿ ಕುರ್ಚಿಯ ಮೇಲೆ ಎರಡು ದಿನ ನನ್ನನ್ನೇ ನೋಡುತ್ತ ಕೂತಿತ್ತು.

ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ ಪೀರಿಯಡ್ ಇತ್ತು. ಅವರು ಗೇಣಗಲದ ಬಿಳಿ ಬಟ್ಟೆಯ ತುಂಡಿನಲ್ಲಿ ಹೆಮ್ಮಿಂಗ್, ಕಾಜ, ಹುಕ್ಕು ಎಲ್ಲ ಹೊಲಿದು ಪುಸ್ತಕಕ್ಕೆ ಅಂಟಿಸಿ ಟೀಚರ್‌ಗೆ ತೋರಿಸುವಾಗ ನಾವು ಹುಡುಗರು ಮೈದಾನದಲ್ಲಿ ಕಲ್ಲು ಆಯುತ್ತಿದ್ದೆವು. ತಮಾಷೆಯೆಂದರೆ ಬೀದಿಯ ಟೈಲರ್ ಅಂಗಡಿಯಲ್ಲಿ ಟೇಪು ಕುತ್ತಿಗೆಗೆ ಹಾಕಿಕೊಂಡು ಕೂತವರು ಬಹುಪಾಲು ಗಂಡಸರೇ. ಹನ್ನೆರಡನೇ ಶತಮಾನದ ಶರಣರಲ್ಲೂ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಕಾಸು ಬರುವ ಹೊಲಿಗೆ ಗಂಡಸಿನದು, ಕಾಸು ಬಾರದ ಹೊಲಿಗೆ ಹೆಂಗಸಿನದು ಎಂದು ಯಾರೋ ಯಾವಾಗಲೋ ಗೆರೆ ಎಳೆದುಬಿಟ್ಟಿದ್ದಾರೆ.

ಆ ಗೆರೆಯೂ ನಮ್ಮ ಊರಿನಲ್ಲಿ ಅಳಿಸಿಹೋಗಿ ಬಹಳ ಕಾಲವಾಯಿತು. ಬೆಳಗ್ಗೆ ಯಶವಂತಪುರದಿಂದ ಪೀಣ್ಯದ ಕಡೆ ಹೋಗುವ ಬಸ್ಸು, ವ್ಯಾನುಗಳಲ್ಲಿ ಊಟದ ಡಬ್ಬಿಯ ಚೀಲ ಹಿಡಿದು ನಿಂತ ಹೆಣ್ಣುಮಕ್ಕಳನ್ನು ಕೇಳಿ, "ಗಾರ್ಮೆಂಟ್ಸ್‌ಗೆ" ಎನ್ನುತ್ತಾರೆ. ಬೆಂಗಳೂರಿನಲ್ಲಿ ಇಂಥವರು ಲಕ್ಷಗಟ್ಟಲೆ ಇದ್ದಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬಿಗಿಯಾದಾಗ ಅವರು ಹೊಸೂರು ರಸ್ತೆಯಲ್ಲಿ, ಜಾಲಹಳ್ಳಿ ಕ್ರಾಸಿನಲ್ಲಿ ರಸ್ತೆಗಿಳಿದರು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮ ಕೈಬಿಟ್ಟಿತು. ನಾವು ತೊಡುವ ಅಂಗಿಯ ಹಿಂದೆ ಎಷ್ಟು ಕೈಗಳಿವೆ ಎಂದು ಊರಿಗೆ ಗೊತ್ತಾಗಿದ್ದು ಆಗಲೇ. ಇತ್ತ ಮಲ್ಲೇಶ್ವರದಲ್ಲಿ ರಾಜಾ ಮಿಲ್ ನೂಲು ತೆಗೆಯುತ್ತಿದ್ದ ಜಾಗದಲ್ಲಿ ಈಗ ಮಂತ್ರಿ ಮಾಲ್ ಇದೆ. ಬಟ್ಟೆ ಮಾಡುತ್ತಿದ್ದ ನೆಲದಲ್ಲಿ ಬಟ್ಟೆ ಮಾರುತ್ತಾರೆ.

ಗಾರ್ಮೆಂಟ್ಸ್‌ನಲ್ಲಿ ಒಂದು ಅಂಗಿ ಹತ್ತಾರು ಕೈ ದಾಟಿ ಹೋಗುತ್ತದೆ. ಕಾಲರ್ ಕೂರಿಸುವವರು ದಿನವಿಡೀ ಕಾಲರ್, ಕಫ್ ಹಾಕುವವರು ದಿನವಿಡೀ ಕಫ್. ಗುಂಡಿಗೆ ಬೇರೆಯೇ ಮೆಷಿನ್ ಇದೆ. ಕಣ್ಣು ಮಿಟುಕಿಸುವುದರೊಳಗೆ ಒಂದು ಗುಂಡಿ ಹಾಕಿ ಮುಗಿಸುತ್ತದೆ. ಅಂಥ ಮೆಷಿನ್‌ಗಳಲ್ಲಿ ಹೆಚ್ಚಿನವು ಹೊಲಿಯುವುದು ಒಂದೇ ದಾರದ ಸರಪಳಿ ಹೊಲಿಗೆ. ಅಡಿಗೆ ಬಾಬಿನ್ ದಾರ ಇಲ್ಲ, ಕೊನೆಗೆ ಗಂಟೂ ಇಲ್ಲ. ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸುತ್ತ ಹೋಗುತ್ತದೆ, ಅಷ್ಟೇ. ಸಕ್ಕರೆ ಮೂಟೆಯ ಬಾಯಿಯ ದಾರ ಸರಿಯಾದ ತುದಿ ಸಿಕ್ಕರೆ ಸರ್ರನೆ ಬಿಚ್ಚಿಕೊಳ್ಳುತ್ತದಲ್ಲ, ಇದೂ ಅದೇ ಜಾತಿ. ಹೊಸ ಅಂಗಿಯ ಗುಂಡಿಯ ಹಿಂದೆ ಒಂದು ಎಳೆ ಜೋತುಬಿದ್ದಿದ್ದರೆ ಎಳೆಯಬೇಡಿ. ಎಳೆದರೆ ಗುಂಡಿ ನಿಮ್ಮ ಅಂಗೈಗೇ ಬರುತ್ತದೆ. ಬಿಡಿ ಗುಂಡಿಯನ್ನು ಒಳಗೆ ಇಟ್ಟು ಕಳಿಸುವವರಿಗೂ ಈ ಗುಟ್ಟು ಗೊತ್ತಿರಲೇಬೇಕು.

ಬೆಂಗಳೂರಿನಲ್ಲಿ ಗುಂಡಿ ಎಂದರೆ ಮುಚ್ಚುವ ಗುಂಡಿಯೇ ಮೊದಲು ನೆನಪಾಗುತ್ತದೆ. ಹಾಕುವ ಗುಂಡಿಯ ಪಾಠ ನನಗೆ ಆದದ್ದು ಯಲಹಂಕ ಹಳೇ ಪಟ್ಟಣದಲ್ಲಿ, ಅತ್ತೆಯ ಮನೆಯ ಜಗುಲಿಯಲ್ಲಿ. ಅಂಗಿ, ಸೂಜಿ, ದಾರ ಮೂರನ್ನೂ ಅವರ ಮುಂದೆ ಇಟ್ಟೆ. ಹಾಕಿಕೊಡುತ್ತಾರೆ ಎಂದು ಆಸೆಯಿತ್ತು. ಅವರು ಕನ್ನಡಕ ಏರಿಸಿ, "ನೀವೇ ಹಾಕಿ, ನಾನು ನೋಡ್ತೀನಿ" ಎಂದರು. ನಾನು ರೀಲಿನಿಂದ ದಾರ ಎಳೆದೆ, ಎಳೆದೇ ಎಳೆದೆ. "ಅಷ್ಟುದ್ದ ಯಾಕ್ರೀ? ಸೋಮಾರಿಗೆ ಮಾರುದ್ದ ದಾರ ಬೇಕು. ಒಂದೂವರೆ ಮೊಳ ಸಾಕು." ಮಲ್ಲಿಗೆ ಹೂವು ಅಳೆಯುವ ಹಾಗೆ ಮೊಣಕೈಯಿಂದ ಬೆರಳ ತುದಿಗೆ ಅಳೆದು ಕತ್ತರಿಸಿಕೊಟ್ಟರು. ಉದ್ದದ ದಾರ ಪ್ರತಿ ಸಲ ಬಟ್ಟೆಯೊಳಗೆ ಹಾದು ಹೋಗುವಾಗಲೂ ಸವೆಯುತ್ತದೆ, ತಿರುಚಿಕೊಳ್ಳುತ್ತದೆ, ಕೊನೆಗೆ ತನಗೆ ತಾನೇ ಗಂಟು ಬೀಳುತ್ತದೆ. ಹತ್ತು ಸಲ ಸೂಜಿ ಪೋಣಿಸುವ ಕಷ್ಟ ತಪ್ಪಿಸಿಕೊಳ್ಳಲು ಹೋಗಿ ಇಪ್ಪತ್ತು ಸಲ ಗಂಟು ಬಿಡಿಸುವ ಕಷ್ಟ.

ದಾರ ಎರಡೆಳೆ ಮಾಡಿ ಗಂಟು ಹಾಕಿದೆ. ಗುಂಡಿ ಕಿತ್ತುಹೋದ ಜಾಗದಲ್ಲಿ ಹಳೆಯ ರಂಧ್ರಗಳು ಇನ್ನೂ ಕಾಣುತ್ತಿದ್ದವು. ಮೊದಲು ಅಲ್ಲೇ ಎರಡು ಸಲ ಬಟ್ಟೆಗೇ ಹೊಲಿಗೆ ಹಾಕಿ ಬುಡ ಭದ್ರ ಮಾಡಿಕೊಳ್ಳಬೇಕು. ಆಮೇಲೆ ಗುಂಡಿ ಇಟ್ಟು, ಅದರ ಮೇಲೆ ಅಡ್ಡಲಾಗಿ ಒಂದು ಬೆಂಕಿಕಡ್ಡಿ. ದಾರ ಕಡ್ಡಿಯ ಮೇಲಿಂದ ಹಾದು ಇನ್ನೊಂದು ತೂತಿಗೆ ಇಳಿಯಬೇಕು. ಕಡ್ಡಿ ಏಕೆ ಎಂದು ನಾನು ಕೇಳುವ ಮೊದಲೇ ಅತ್ತೆ, "ಗುಂಡಿ ಬಟ್ಟೆಗೆ ಅಂಟಿ ಕೂತರೆ ಕಾಜದ ಪಟ್ಟಿಗೆ ಜಾಗ ಎಲ್ಲಿ? ಉಸಿರಾಡೋಕೆ ಸ್ವಲ್ಪ ಬಿಡಬೇಕು" ಎಂದರು. ನಾಲ್ಕು ತೂತಿನ ಗುಂಡಿಯಲ್ಲಿ ಒಂದು ಜೋಡಿ ಮುಗಿಸಿ, ಗಂಟು ಬಿಗಿದು, ಎರಡನೇ ಜೋಡಿಗೆ ಹೊಸದಾಗಿ ಶುರು ಮಾಡುವುದು ಜಾಣತನ. ಒಂದು ಕಡೆ ಸವೆದು ಹೋದರೂ ಇನ್ನೊಂದು ಕಡೆ ಆಫೀಸು ಮುಗಿಯುವವರೆಗೆ ಮಾನ ಕಾಯುತ್ತದೆ. ಕಡೆಗೆ ಕಡ್ಡಿ ಎಳೆದು ತೆಗೆದು, ಗುಂಡಿ ಮೇಲೆತ್ತಿ ಹಿಡಿದು, ಅದರ ಕೆಳಗಿನ ದಾರಗಳಿಗೆ ಮೂರು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಒಳಬದಿಗೆ ಸೂಜಿ ಇಳಿಸಿ ಗಂಟು. ಈ ಸುತ್ತು ಗುಂಡಿಗೆ ಕುತ್ತಿಗೆಯಾಗುತ್ತದೆ. ನನ್ನ ಮೊದಲ ಗುಂಡಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು, ಬೆರಳಿಗೆ ಮೂರು ಚುಚ್ಚು. ಈಗ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಅಂದಹಾಗೆ ಕೈಸೂಜಿಯ ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣ. ಅಂಗಡಿಯಲ್ಲಿ ದೊಡ್ಡ ನಂಬರು ಕೇಳಿ ದಬ್ಬಳ ಸಿಗುತ್ತದೆ ಎಂದು ಕಾಯಬೇಡಿ. ಮಿಶ್ರ ಅಳತೆಯ ಒಂದು ಪ್ಯಾಕೆಟ್ ತಂದಿಟ್ಟರೆ ಮನೆಗೆ ಸಾಕು.

ಗುಂಡಿ ಬಿಟ್ಟರೆ ಮನೆಯಲ್ಲಿ ಹೆಚ್ಚಾಗಿ ಕೇಳುವ ಮಾತು "ಹೊಲಿಗೆ ಬಿಟ್ಟಿದೆ". ಬಟ್ಟೆ ಹರಿದಿಲ್ಲ, ದಾರ ಮಾತ್ರ ಹೋಗಿದೆ. ಇದು ರಿಪೇರಿಗಳಲ್ಲೆಲ್ಲ ಸುಲಭದ್ದು. ಆದರೆ ಸಾದಾ ಹೊಲಿಗೆಯನ್ನು ಮುಂದೆ ಮುಂದೆ ಓಡಿಸಿದರೆ ಎಳೆದಾಗ ಸುಕ್ಕುಗಟ್ಟಿ ಮತ್ತೆ ಬಿಡುತ್ತದೆ. ಒಂದು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ: ಸೂಜಿ ಮೇಲೆ ಬಂದ ಜಾಗದಿಂದ ಹಿಂದಕ್ಕೆ ಚುಚ್ಚಿ, ಅಡಿಯಿಂದ ಎರಡರಷ್ಟು ದೂರ ಮುಂದೆ ಬಂದು ಏಳಬೇಕು. ಮೇಲಿನಿಂದ ನೋಡಿದರೆ ಮೆಷಿನ್ ಹೊಲಿಗೆಯೇ. ಪ್ಯಾಂಟಿನ ಹಿಂಭಾಗ, ಕಂಕುಳು, ಜೇಬಿನ ಮೂಲೆ ಹೀಗೆ ಬಿಗಿ ಬೀಳುವ ಕಡೆಗೆಲ್ಲ ಇದೇ. ಬಿಟ್ಟ ಜಾಗಕ್ಕಿಂತ ಒಂದು ಅಂಗುಲ ಹಿಂದಿನಿಂದ ಶುರು ಮಾಡಿ ಒಂದು ಅಂಗುಲ ಮುಂದೆ ನಿಲ್ಲಿಸಿ. ಚೂಡಿದಾರದ ಟಾಪ್ ಪಕ್ಕದ ಕಟ್ ಶುರುವಾಗುವ ತುದಿಯಲ್ಲೇ ಹರಿಯುವುದು ಎಲ್ಲರ ಮನೆಯ ಕಥೆ. ಸ್ಕೂಟರ್ ಹತ್ತುವಾಗಿನ ಎಳೆತವೆಲ್ಲ ಆ ಒಂದು ಬಿಂದುವಿನ ಮೇಲೆ. ಹೊಸ ಟಾಪ್ ತಂದ ದಿನವೇ ಅಲ್ಲಿ ಅಡ್ಡಡ್ಡ ನಾಲ್ಕೈದು ಹೊಲಿಗೆ ಒತ್ತೊತ್ತಾಗಿ ಹಾಕಿಬಿಟ್ಟರೆ ಆ ಕಥೆಯೇ ಇಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎನ್ನುವ ಮಾತು ಬಟ್ಟೆಗೆ ಹೊಂದಿದಷ್ಟು ಬೇರೆ ಯಾವುದಕ್ಕೂ ಹೊಂದಲಿಕ್ಕಿಲ್ಲ.

ಬ್ಲೌಸಿನ ವಿಷಯದಲ್ಲಿ ನಮ್ಮ ಟೈಲರ್‌ಗಳ ದೂರದೃಷ್ಟಿಗೆ ಕೈಮುಗಿಯಬೇಕು. ಪಕ್ಕದ ಹೊಲಿಗೆಯ ಒಳಗೆ ಬಟ್ಟೆ ಬಿಟ್ಟು, ಒಂದರ ಪಕ್ಕ ಒಂದು ಎರಡು ಮೂರು ಸಾಲು ಹೊಲಿದಿರುತ್ತಾರೆ. ಮದುವೆಯಾದ ವರ್ಷದ ಸಾಲು, ಬಾಣಂತನ ಮುಗಿದ ವರ್ಷದ ಸಾಲು, ಆಮೇಲಿನದು. ರೇಷ್ಮೆ ಸೀರೆಯ ಬ್ಲೌಸ್ ಬಿಗಿಯಾಯಿತೆಂದು ಹೊಸದು ಹೊಲಿಸಲು ಓಡುವ ಮೊದಲು ಒಳಗೆ ಮಗುಚಿ ನೋಡಿ. ಮೈಗೆ ಹತ್ತಿರದ ಸಾಲನ್ನು ನಾಲ್ಕು ಹೊಲಿಗೆಗೊಂದರಂತೆ ಬ್ಲೇಡಿನ ಮೂಲೆಯಿಂದ ಕತ್ತರಿಸಿ, ಇನ್ನೊಂದು ಬದಿಯ ದಾರ ಎಳೆದರೆ ಇಡೀ ಸಾಲು ಬರುತ್ತದೆ. ಎರಡೂ ಪಕ್ಕ ಬಿಚ್ಚಿದರೆ ಒಂದು ಅಂಗುಲದ ಹತ್ತಿರ ಸಡಿಲ ಸಿಗುತ್ತದೆ.

ಸೀರೆ ಫಾಲ್ ಕೂಡ ಕೈಯಲ್ಲೇ ಹಾಕಿಕೊಳ್ಳಬಹುದು. ಸುಮಾರು ಎರಡೂವರೆ ಮೀಟರ್ ಉದ್ದದ ಕೆಲಸ. ಒಂದು ಮಧ್ಯಾಹ್ನ ಬೇಕು. ಜನ ತಪ್ಪುವುದು ಹೊಲಿಗೆಯಲ್ಲಿ ಅಲ್ಲ, ಅದಕ್ಕೂ ಮುಂಚೆ. ಹತ್ತಿಯ ಫಾಲ್ ತಂದ ಹಾಗೇ ಹಾಕಿದರೆ ಮೊದಲ ಒಗೆತಕ್ಕೇ ಅದು ಕುಗ್ಗುತ್ತದೆ, ಸೀರೆ ಕುಗ್ಗುವುದಿಲ್ಲ, ನೆರಿಗೆಯ ಅಂಚು ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಮುಟ್ಟಬೇಕು. ಮೇಲಂಚಿಗೆ ಹೆಮ್ಮಿಂಗ್ ಹಾಕುವಾಗ ಸೀರೆಯಿಂದ ಒಂದೋ ಎರಡೋ ಎಳೆಯನ್ನಷ್ಟೇ ಸೂಜಿ ಎತ್ತಿಕೊಳ್ಳಬೇಕು. ಹೊರಗಿನಿಂದ ನೋಡಿದವರಿಗೆ ಹೊಲಿಗೆ ಕಾಣಲೇಬಾರದು.

ಅತ್ತೆಯ ಮನೆಯ ಹಿಂದಿನ ಓಣಿಯಲ್ಲಿ ಇನ್ನೂ ಮಗ್ಗದ ಸದ್ದು ಕೇಳುತ್ತದೆ. ಯಲಹಂಕದಿಂದ ದೊಡ್ಡಬಳ್ಳಾಪುರದ ತನಕ ವಿದ್ಯುತ್ ಮಗ್ಗಗಳ ರೇಷ್ಮೆ ಸೀರೆ ಬಹಳ ಮನೆಗಳ ಅನ್ನ. ಹರಿದ ಬಟ್ಟೆಯನ್ನು ನಿಜವಾಗಿ ಸರಿಮಾಡುವುದು ಎಂದರೆ ಏನೆಂದು ನನಗೆ ಹೊಳೆದದ್ದು ಆ ಸದ್ದಿನ ನಡುವೆಯೇ. ಜೀವನದಲ್ಲಿ ಹಾಸುಹೊಕ್ಕಾಗಿದೆ ಎಂದು ನಾವು ದಿನಕ್ಕೆ ಹತ್ತು ಸಲ ಬರೆಯುತ್ತೇವೆ. ಮಗ್ಗದವರಿಗೆ ಹಾಸು ಎಂದರೆ ಉದ್ದದ ಎಳೆ, ಹೊಕ್ಕು ಎಂದರೆ ಅದರೊಳಗೆ ಅಡ್ಡ ಹೊಕ್ಕುವ ಎಳೆ. ರಫು ಮಾಡುವುದೆಂದರೆ ತೂತಿನ ಜಾಗದಲ್ಲಿ ಮತ್ತೆ ನೇಯುವುದು. ಮೊದಲು ಉದ್ದಕ್ಕೆ ಒಂದರ ಪಕ್ಕ ಒಂದು ಎಳೆ ಕಟ್ಟಿ, ಆಮೇಲೆ ಅಡ್ಡಕ್ಕೆ ಸೂಜಿಯನ್ನು ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ. ಮರಳಿ ಬರುವಾಗ ತಿರುಗುಮುರುಗು. ಸೂಜಿಯೇ ಲಾಳಿ. ದಾರವನ್ನು ಬಿಗಿಯಾಗಿ ಎಳೆದರೆ ತೂತು ಮೊಡವೆಯ ಹಾಗೆ ಊದಿ ನಿಲ್ಲುತ್ತದೆ, ಸಡಿಲ ಬಿಡಬೇಕು. ಪಳಗಿದ ರಫುಗಾರರು ದಾರಕ್ಕೆ ಅಂಗಡಿಗೆ ಹೋಗುವುದಿಲ್ಲ, ಅದೇ ಬಟ್ಟೆಯ ಒಳಮಡಿಕೆಯಿಂದ ನಾಲ್ಕು ಎಳೆ ಬಿಡಿಸಿಕೊಳ್ಳುತ್ತಾರೆ. ಬಣ್ಣ ತಾನಾಗಿಯೇ ಹೊಂದುತ್ತದೆ.

ಧಾರವಾಡದ ಕಸೂತಿಯಲ್ಲಿ ನೇಗಿ ಎಂಬ ಹೊಲಿಗೆ ಇದೆ. ಹೆಸರಲ್ಲೇ ನೇಯ್ಗೆ ಇದೆ. ಎಳೆ ಎಣಿಸಿ ಸೂಜಿಯನ್ನು ಮೇಲೆ ಕೆಳಗೆ ಓಡಿಸುವ ಅದೇ ಕೈಚಳಕ. ಅದರ ಜೊತೆಗಾರ ಗವಂತಿಯಲ್ಲಿ ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬುತ್ತಾರೆ, ಎರಡು ಬದಿಯೂ ಒಂದೇ ಥರ ಕಾಣುತ್ತದೆ. ಅಲಂಕಾರದ ಹೊಲಿಗೆ ಬೇರೆ, ರಿಪೇರಿ ಹೊಲಿಗೆ ಬೇರೆ ಎಂದು ನಾವು ತಿಳಿದಿದ್ದೇವೆ. ಕೈಗೆ ಆ ಭೇದವಿಲ್ಲ. ಉತ್ತರ ಕರ್ನಾಟಕದ ಕೌದಿ ನೋಡಿ. ಹಳೇ ಸೀರೆ, ಧೋತರ, ಮಗುವಿನ ಅಂಗಿ ಎಲ್ಲವನ್ನೂ ಒಂದರ ಮೇಲೊಂದು ಹರಡಿ ಸಾಲು ಸಾಲು ಸಾದಾ ಹೊಲಿಗೆ ಓಡಿಸಿದರೆ ಹೊದಿಕೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳು ಈಗ ಕಲೆಯ ಪ್ರದರ್ಶನಗಳಲ್ಲಿ ತೂಗುತ್ತವೆ. ಜಪಾನಿನವರು ಇದೇ ಸಾಲು ಹೊಲಿಗೆಗೆ ಸಾಶಿಕೊ ಎಂದು ಹೆಸರಿಟ್ಟು ಪುಸ್ತಕ ಬರೆದರು, ನಮ್ಮ ಹುಡುಗರು ಅದನ್ನು ಫೋನಿನಲ್ಲಿ ನೋಡಿ ಬೆರಗಾಗುತ್ತಾರೆ. ಬೆರಗಾಗಲಿ, ತಪ್ಪಿಲ್ಲ. ಮಂಚದ ಕೆಳಗಿನ ಟ್ರಂಕನ್ನೂ ಒಮ್ಮೆ ತೆರೆಯಲಿ.

ಜೀನ್ಸಿಗೆ ನಾನು ಕೈಹಾಕಿದ್ದು ಈ ಧೈರ್ಯದ ಮೇಲೆ. ತೊಡೆಯ ಸಂದಿಯಲ್ಲಿ ಉಜ್ಜಿ ಉಜ್ಜಿ ತೆಳ್ಳಗಾಗಿತ್ತು. ಹತ್ತಿರದಿಂದ ನೋಡಿದರೆ ನೀಲಿ ಎಳೆಗಳೆಲ್ಲ ಹೋಗಿ ಅಡ್ಡಡ್ಡ ಬಿಳಿ ಎಳೆಗಳು ಮಾತ್ರ ಉಳಿದಿದ್ದವು. ಜೀನ್ಸಿನ ಬಟ್ಟೆಯಲ್ಲಿ ಹಾಸು ನೀಲಿ, ಹೊಕ್ಕು ಬಿಳಿ. ಮೇಲೆ ತೇಲುವುದು ಹಾಸು, ಹಾಗಾಗಿ ಮೊದಲು ಸವೆಯುವುದೂ ಅದೇ. ಒಳಗಿನಿಂದ ತೇಪೆ ಹಾಕಿ, ಹೊರಗಿನಿಂದ ನೀಲಿ ದಾರದಲ್ಲಿ ಉದ್ದುದ್ದಕ್ಕೆ ಹತ್ತಿರ ಹತ್ತಿರ ಸಾಲು ಹೊಲಿದರೆ ಕಳೆದುಹೋದ ಹಾಸನ್ನು ಮರಳಿ ಕೊಟ್ಟ ಹಾಗೆ. ಮೊದಲ ಸಲ ತೇಪೆಯನ್ನು ತೂತಿನ ಅಳತೆಗೇ ಕತ್ತರಿಸಿದ್ದೆ. ವಾರಕ್ಕೆ ಅದರ ಸುತ್ತ ಹೊಸ ತೂತು ಬಿತ್ತು. ಸವೆದ ಬಟ್ಟೆಯ ಅಂಚಿಗೆ ಗಟ್ಟಿ ತೇಪೆ ಹೊಲಿದರೆ ಅದು ಕಚ್ಚಿಕೊಳ್ಳುವುದು ಯಾವುದನ್ನು? ತೆಳುವಾದ ಜಾಗವೆಲ್ಲ ಮುಗಿದು, ಗಟ್ಟಿ ಬಟ್ಟೆ ಸಿಕ್ಕ ಮೇಲೂ ಒಂದು ಬೆರಳಗಲ ಆಚೆಗೆ ತೇಪೆ ಚಾಚಬೇಕು. ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಚೂಪು ಮೂಲೆ ಮೊದಲು ಏಳುತ್ತದೆ. ಹೆಬ್ಬಾಳದ ಮೇಲ್ಸೇತುವೆ ಇಳಿದು ಬರುವಾಗ ಸ್ಕೂಟರ್ ದಡಬಡ ಎಂದಾಗಲೆಲ್ಲ ನನಗೆ ಈ ಪಾಠ ನೆನಪಾಗುತ್ತದೆ. ರಸ್ತೆಗೆ ತೇಪೆ ಹಾಕುವವರೂ ತೂತಿನ ಅಳತೆಗೇ ಕತ್ತರಿಸುತ್ತಾರೆ.

ಜಿಪ್ಪಿನ ಬಗ್ಗೆ ಒಂದೇ ಮಾತು. ಹಲ್ಲು ಕೂಡಿಕೊಳ್ಳದಿದ್ದರೆ ಬಹಳ ಸಲ ಕೆಟ್ಟಿರುವುದು ಜಿಪ್ಪಲ್ಲ, ಅದರ ರನ್ನರ್. ಬಳಸಿ ಬಳಸಿ ಅದರ ಬಾಯಿ ಅಗಲಿಸಿರುತ್ತದೆ. ಜಿಪ್ಪನ್ನು ಕೆಳಗಿನ ತುದಿಗೆ ಎಳೆದು, ರನ್ನರಿನ ಎರಡೂ ಪಕ್ಕವನ್ನು ಇಕ್ಕಳದಲ್ಲಿ ಒಂದು ಚೂರು, ಒಂದೇ ಚೂರು, ಅದುಮಿ ನೋಡಿ. ಬಿಗಿಯಾಗಿ ಓಡಿದರೆ ಹಲ್ಲಿಗೆ ಮೇಣದಬತ್ತಿ ಸವರಿ. ಹೊಲಿಗೆಯೇ ಬೇಡ.

ಯುದ್ಧ ಬಂದಾಗ ಶ್ರೀಮಂತ ದೇಶಗಳೂ ಸೂಜಿ ಹಿಡಿದಿವೆ. ಬ್ರಿಟನ್ 1941ರ ಜೂನ್‌ನಲ್ಲಿ ಬಟ್ಟೆಗೆ ರೇಷನ್ ತಂದಿತು. ಮೊದಲ ವರ್ಷಕ್ಕೆ ಒಬ್ಬರಿಗೆ 66 ಕೂಪನ್. 1943ರಲ್ಲಿ ಹಳತನ್ನೇ ಸರಿಮಾಡಿ ಉಡುವುದು ಹೇಗೆಂದು ಸರ್ಕಾರವೇ ಪುಸ್ತಿಕೆ ಹಂಚಿತು. ಯುದ್ಧವಿಲ್ಲದೆಯೂ ಫ್ರಾನ್ಸ್ 2023ರ ನವೆಂಬರ್‌ನಿಂದ ಬಟ್ಟೆ, ಚಪ್ಪಲಿ ರಿಪೇರಿ ಮಾಡಿಸಿದವರಿಗೆ 6ರಿಂದ 25 ಯೂರೊ ತನಕ ರಿಯಾಯಿತಿ ಕೊಡುತ್ತಿದೆ. 25 ಯೂರೊ ಎಂದು ನಮ್ಮ ಬೀದಿಯ ಟೈಲರ್‌ಗೆ ಹೇಳಿದೆ. ಲೆಕ್ಕ ಹಾಕಿ, "ಹಂಗಾದ್ರೆ ಹೊಸಾ ಪ್ಯಾಂಟೇ ಹೊಲಿದುಕೊಡ್ತೀನಿ ಸಾರ್" ಎಂದರು. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದ ರಿಪೇರ್ ಕೆಫೆ ಬೆಂಗಳೂರಿಗೆ ಬಂದದ್ದು 2015ರಲ್ಲಿ, ಅಂತರಾ ಮುಖರ್ಜಿ ಮತ್ತು ಪೂರ್ಣಾ ಸರ್ಕಾರ್ ಅವರಿಂದ. ಕೆಟ್ಟ ಮಿಕ್ಸಿ, ಲ್ಯಾಂಪು, ಹರಿದ ಬಟ್ಟೆ ತಂದವರು ಬಿಟ್ಟು ಹೋಗುವ ಹಾಗಿಲ್ಲ, ಬಲ್ಲವರ ಪಕ್ಕ ಕೂತು ಕೈಜೋಡಿಸಬೇಕು. ನಮ್ಮ ಅತ್ತೆಯ ಜಗುಲಿಯ ಕಾನೂನೂ ಅದೇ.

ಎಲ್ಲವನ್ನೂ ಹೊಲಿದು ಉಳಿಸಿ ಎಂದು ನಾನು ಹೇಳುವುದಿಲ್ಲ. ಮಡಿಕೆಯ ಗೆರೆಯುದ್ದಕ್ಕೂ ತಾನಾಗಿ ಸೀಳುವ ಹಳೇ ರೇಷ್ಮೆಗೆ ಸೂಜಿ ತಾಗಿಸಿದಷ್ಟೂ ಸೀಳುತ್ತದೆ. ಅದರ ಅಂಚು ಕತ್ತರಿಸಿ ಬೇರೆಯದಕ್ಕೆ ಹಚ್ಚುವುದೇ ಸರಿ. ಜಾಳುಜಾಳಾದ ಬನೀನು ಗಾಡಿ ಒರೆಸಲು ಹುಟ್ಟಿದ್ದು. ಟೀ ಶರ್ಟಿನ ಹೊಟ್ಟೆಯ ಹತ್ತಿರ ಬೀಳುವ ಸಣ್ಣ ತೂತುಗಳಿಗೆ ಒಂದೆರಡು ಹೊಲಿಗೆ ಹಾಕಬಹುದು. ಆದರೆ ಜೀನ್ಸಿನ ಲೋಹದ ಗುಂಡಿಗೂ ಅಡುಗೆ ಕಟ್ಟೆಯ ಗ್ರಾನೈಟ್ ಅಂಚಿಗೂ ನಡುವೆ ಬಟ್ಟೆ ಸಿಕ್ಕಿ ಅರೆಯುವುದು ನಿಲ್ಲದಿದ್ದರೆ ಮುಂದಿನ ವಾರ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ.

ಇನ್ನು ಹೊತ್ತು. ದೀಪ ಹಚ್ಚಿದ ಮೇಲೆ ಸೂಜಿ ಹಿಡಿಯಬಾರದು, ಕೇಳಿದವರಿಗೆ ಕೊಡಲೂಬಾರದು ಎನ್ನುವುದು ಅತ್ತೆಯ ಕಟ್ಟಳೆ. ಕೆಲವು ಹಳೇ ಅಂಗಡಿಗಳಲ್ಲಿ ಇವತ್ತಿಗೂ ಮುಸ್ಸಂಜೆಗೆ ಸೂಜಿ ಕೇಳಿದರೆ ಮುಖ ನೋಡುತ್ತಾರೆ. ಮೂಢನಂಬಿಕೆ ಎಂದು ನಕ್ಕು ಹೋದ ವಾರ ರಾತ್ರಿ ಊಟವಾದ ಮೇಲೆ ಮಗಳ ಯೂನಿಫಾರ್ಮಿನ ಲಂಗದ ಅಂಚು ಬಿಚ್ಚಿ ಇಳಿಸಲು ಕೂತೆ. ಅರ್ಧ ಮುಗಿದಿತ್ತು, ಕರೆಂಟು ಹೋಯಿತು. ಸೂಜಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಮಗಳನ್ನು ಸೋಫಾ ಮೇಲೆ ಹತ್ತಿಸಿ, ಫೋನಿನ ಟಾರ್ಚ್ ಹಿಡಿದು, ಫ್ರಿಜ್ಜಿಗೆ ಅಂಟಿಸಿದ್ದ ಮೈಸೂರು ಅರಮನೆಯ ಮ್ಯಾಗ್ನೆಟ್ ಕಿತ್ತು ತಂದು ನೆಲದ ಮೇಲೆ ಮೊಣಕಾಲೂರಿ ಉಜ್ಜಿದೆ. ಮೊದಲು ಎರಡು ಹೇರ್‌ಪಿನ್ ಬಂದವು, ಆಮೇಲೆ ಬ್ಲೌಸಿನ ಒಂದು ಹುಕ್ಕು, ಒಂದು ಸ್ಟೇಪ್ಲರ್ ಪಿನ್ನು. ಸೂಜಿ ಸಿಕ್ಕಿದ್ದು ಕಡೆಗೆ, ನಾನು ಕೂತಿದ್ದ ಚಾಪೆಯ ಹೆಣಿಗೆಯೊಳಗೆ, ನೆಟ್ಟಗೆ ನಿಂತಿತ್ತು.